ಯೆಹೂದ್ಯರ ಹೆಜ್ಜೆವಿಡಿದು ಕನ್ನಡ ಕರಾವಳಿಗೆ



ಕೊಚ್ಚಿಯನ್ನು ನೋಡಿಬಂದವರು 1568ರಲ್ಲಿ ಕಟ್ಟಿದ ಅಲ್ಲಿಯ ಪರದೇಶಿ ಸಿನಗಾಗನ್ನು ವರ್ಣಿಸದೆ ಬಿಡುವುದಿಲ್ಲ. ನೆಲಕ್ಕೆ ಹಾಸಿದ ಚೀನೀ ಬಿಲ್ಲೆಗಳು, ತೂಗುದೀಪಗಳು, ಗಡಿಯಾರದ ಗೋಪುರ ಇವೆಲ್ಲ ಕಣ್ಣಿಗೆ ಹಬ್ಬವೇ ಸರಿ. ಹುಬ್ಬಳ್ಳಿ-ಧಾರವಾಡದಿಂದ ಹೊರಟು ಕನ್ನಡನಾಡಿನೊಳಗೆ ಯೆಹೂದ್ಯರ ಗುರುತುಗಳನ್ನು ಅರಸುವವನಿಗೆ ಅಂತಹ ಹಬ್ಬವು ದೊರಕದು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ 1904ರಿಂದ ಇರುವ ಅವರ ಸ್ಮಶಾನದಲ್ಲಿ ಗೋರಿಗಲ್ಲುಗಳನ್ನಾದರೂ ಓದಬಹುದು. ನಾನು ಇಂದು ಹೇಳಲಿರುವ ಮೂರು ಸ್ಥಳಗಳಲ್ಲಿಯೋ ಕಲ್ಲು ಈ ವಿಷಯದಲ್ಲಿ ಮೌನವಾಗಿದೆ. ಸ್ಥಳವು ನಮ್ಮದು, ದಾಖಲೆಯು ಸಮುದ್ರದಾಚೆಯದು. ಆದಕಾರಣ ಓದಿಕೊಂಡೇ ಹೊರಡಬೇಕು.

ಹಿಂದೆ ಧಾರವಾಡ ಪ್ರಾಂತದ ಅರಳೆಯ ಬಂಡಿಗಳು ಇಳಿಯುತ್ತಿದ್ದಂತೆ ಘಟ್ಟವನ್ನಿಳಿದರೆ ಕಾರವಾರ. ಅದರ ಎದುರಿಗೆ ಅಂಜದೀವ ದ್ವೀಪ. ಆಡಳಿತದಲ್ಲಿ ಅದು ಗೋವೆಗೆ ಸೇರಿದೆ. ನೌಕಾಪಡೆಯ ವಶದಲ್ಲಿರುವುದರಿಂದ ದಡದಿಂದಲೇ ನೋಡತಕ್ಕದ್ದು. 1498ರಲ್ಲಿ ವಾಸ್ಕೊ ಡ ಗಾಮನು ಸ್ವದೇಶಕ್ಕೆ ಮರಳುವ ಮುನ್ನ ಹಡಗುಗಳನ್ನು ಇಲ್ಲಿ ನಿಲ್ಲಿಸಿದ್ದಾಗ, ಯೂರೋಪಿನ ಭಾಷೆಯನ್ನಾಡುವ ಒಬ್ಬ ಮನುಷ್ಯನು ಅವನ ಬಳಿಗೆ ಬಂದನು. ಗೋವೆಯ ಒಡೆಯನ, ಅಂದರೆ ಬಿಜಾಪುರದ ಆದಿಲಶಾಹನ, ಸೇವೆಯಲ್ಲಿದ್ದ ಯೆಹೂದ್ಯನವನು. ಪೋರ್ತುಗೀಜರು ಗೂಢಚಾರನೆಂದು ಶಂಕಿಸಿ, ಹೊಡೆದು ಬಾಯಿಬಿಡಿಸಿ, ಹಡಗಿನಲ್ಲಿ ಒಯ್ದರು. ಕ್ರೈಸ್ತನಾಗಿ ಅವನು ಪಡೆದ ಹೆಸರು ಗ್ಯಾಸ್ಪರ್ ಡ ಗಾಮ. ಸೆರೆಹಿಡಿದವನ ಮನೆತನದ ಹೆಸರೇ ಸೆರೆಸಿಕ್ಕವನಿಗೂ ಅಂಟಿತು! 1500ರಲ್ಲಿ ಕಬ್ರಾಲನ ನೌಕಾಪಡೆಯೊಡನೆ ದುಭಾಷಿಯಾಗಿ ಹೊರಟ ಈತನು ಬ್ರೆಜಿಲಿನ ತೀರವನ್ನೂ ಕಂಡನು.

ಕರಾವಳಿಯಲ್ಲಿ ಕುಂದಾಪುರದವರೆಗೆ ಸಾಗಿ, ಮತ್ತೆ ಘಟ್ಟವನ್ನೇರಿದರೆ ನಗರ, ಎಂದರೆ ಹಿಂದಿನ ಬಿದನೂರು. 1783ರಲ್ಲಿ ಜನರಲ್ ಮ್ಯಾಥ್ಯೂಸನು ಇಲ್ಲಿ ಟೀಪೂ ಸುಲ್ತಾನನಿಗೆ ಶರಣಾದನು. ಆ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕವರೊಳಗೆ ಕೊಂಕಣದ ಬೆನೆ ಇಸ್ರೇಲ್ ಪಂಗಡದ ಸಾಮ್ಯುಯೆಲ್ ಎಜೆಕಿಯೆಲ್ ದಿವೇಕರನೂ ಒಬ್ಬನು. ಕುರಾನಿನಲ್ಲಿ ಬರುವ ಬನಿ ಇಸ್ರಾಯೀಲರ ಕುಲದವನೆಂದು ಕೇಳಿ ಸುಲ್ತಾನನ ತಾಯಿ ಅವನ ಪ್ರಾಣವನ್ನುಳಿಸಿದಳೆಂದು ಆ ಜನರ ಐತಿಹ್ಯ. ಐತಿಹ್ಯವನ್ನು ಐತಿಹ್ಯವೆಂದೇ ಇಟ್ಟುಕೊಳ್ಳೋಣ. ಬಿಡುಗಡೆಯಾದ ದಿವೇಕರನು 1796ರಲ್ಲಿ ಮುಂಬಯಿಯಲ್ಲಿ ಕಟ್ಟಿಸಿದ ಸಿನಗಾಗು ಇಂದಿಗೂ ಇದೆ.

ಮಂಗಳೂರನ್ನು ಕಡೆಗೆ ಉಳಿಸಿಕೊಂಡುದು ಅಲ್ಲಿ ಹೇಳತಕ್ಕದ್ದು ಹೆಚ್ಚಾಗಿರುವುದರಿಂದ. ದೇವರ ಹೆಸರುಳ್ಳ ಕಾಗದವನ್ನು ನಾಶಮಾಡಬಾರದೆಂಬುದು ಯೆಹೂದ್ಯರ ನಿಯಮ. ಆ ನಿಯಮದ ದೆಸೆಯಿಂದ ಹಳೆಯ ಕೈರೋ ಪಟ್ಟಣದ ಸಿನಗಾಗಿನ ಒಂದು ಕೋಣೆಯಲ್ಲಿ ಶತಮಾನಗಳ ಕಾಗದವು ರಾಶಿಬಿದ್ದಿತ್ತು. ಧರ್ಮಗ್ರಂಥಗಳಷ್ಟೇ ಅಲ್ಲ, ಲೆಕ್ಕಪತ್ರಗಳೂ ಮನೆಮಾತಿನ ಓಲೆಗಳೂ ಸಹ. 1896-97ರಲ್ಲಿ ಸಾಲೊಮನ್ ಶೆಖ್ಟರ್ ಎಂಬ ವಿದ್ವಾಂಸರು ಅದರ ಬಹುಭಾಗವನ್ನು ಕೇಂಬ್ರಿಜ್ಜಿಗೆ ಸಾಗಿಸಿದರು. ಆ ರಾಶಿಯೊಳಗಿಂದ ನಮ್ಮ ಮಂಗಳೂರು ಎದ್ದುಬಂದಿತು.

ಟ್ಯುನೀಸಿಯಾ ದೇಶದ ಮಹದಿಯಾ ಪಟ್ಟಣದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನು ಏಡನ್ನಿನ ಮಾರ್ಗವಾಗಿ ಬಂದು, ಸುಮಾರು 1132ರಿಂದ 1149ರವರೆಗೆ ಈ ತೀರದಲ್ಲಿ ನೆಲಸಿದ್ದನು. ಅಳುಪರು ತುಳುನಾಡನ್ನು ಆಳುತ್ತಿದ್ದ ಕಾಲ. ಘಟ್ಟದ ಮೇಲೆ ಕಲ್ಯಾಣದಲ್ಲಿ ಬಸವಣ್ಣನವರು ಬಾಳಿದ ಶತಮಾನವೂ ಅದೇ. ಮೆಣಸು, ಕಬ್ಬಿಣ, ಅಡಕೆ, ಏಲಕ್ಕಿ ಇಲ್ಲಿಂದ ಹೋಗುತ್ತಿದ್ದುವು. ಅವನದೊಂದು ಕಂಚಿನ ಕಾರ್ಖಾನೆಯೂ ಇದ್ದಿತು: ಏಡನ್ನಿನವರು ಒಡಕು ಪಾತ್ರೆಗಳನ್ನು ಕಳುಹಿದರೆ ಇಲ್ಲಿ ಕರಗಿಸಿ ಹೊಸದು ಮಾಡಿಕೊಡುತ್ತಿದ್ದರು. ನಮ್ಮ ಕಂಚುಗಾರರ ಕೈಯ ಬೋಗುಣಿ, ತಂಬಿಗೆಗಳು ಏಡನ್ನಿನ ಮನೆಗಳಲ್ಲಿದ್ದುವೆಂಬುದು ನನಗಂತೂ ರಾಜರ ದಂಡಯಾತ್ರೆಗಳಿಗಿಂತ ಪ್ರಿಯವಾದ ವಾರ್ತೆ.

ಇದಕ್ಕಿಂತಲೂ ಬೆಲೆಯುಳ್ಳವು ಎರಡು ಹೆಸರುಗಳು. 1132ನೆಯ ಅಕ್ಟೋಬರ್ 17ರಂದು ಬೆನ್ ಯಿಜು ಅಶು ಎಂಬ ದಾಸಿಯನ್ನು ಬಿಡುಗಡೆಮಾಡಿ ಪತ್ರ ಬರೆದನು. ಅವನ ಮಕ್ಕಳ ತಾಯಿ ಅವಳೇ ಎಂಬುದು ವಿದ್ವಾಂಸರ ಊಹೆ. ಇನ್ನೊಬ್ಬನು ಅವನ ವ್ಯಾಪಾರದ ನಿಯೋಗಿಯಾಗಿ ಏಡನ್ನಿಗೆ ಹೋಗಿಬರುತ್ತಿದ್ದ ದಾಸನು. ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಆ ಲಿಪಿಯಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಆದುದರಿಂದ ದಾಸನ ಹೆಸರಿನ ವ್ಯಂಜನಗಳು ಮಾತ್ರ ದೊರೆತುವು. ಪಾಶ್ಚಾತ್ಯ ಪಂಡಿತರು ಅದನ್ನು ‘ಬಾಮ’ ಎಂದು ಓದಿದರು. ಅಮಿತಾವ್ ಘೋಷರು 1992ರಲ್ಲಿ ಪ್ರಕಟವಾದ ತಮ್ಮ ಗ್ರಂಥಕ್ಕಾಗಿ ಮಂಗಳೂರಿಗೆ ಬಂದು, ತುಳು ವಿದ್ವಾಂಸರಾದ ಬಿ. ಎ. ವಿವೇಕ ರೈಯವರೊಡನೆ ವಿಚಾರಿಸಿದ ಮೇಲೆ ಅದು ‘ಬೊಮ್ಮ’ ಆಯಿತು. ಕಿನ್ನರಿ ಬೊಮ್ಮಯ್ಯನನ್ನು ಬಲ್ಲ ನಮ್ಮ ಕಡೆಯವರಿಗೆ ಆ ಹೆಸರಿನ ಅರ್ಥವನ್ನು ಹೇಳಬೇಕಾಗಿಲ್ಲ. ಸಮುದ್ರದಾಚೆಯ ಕಾಗದದಲ್ಲಿ ಎಂಟುನೂರು ವರ್ಷಗಳಿಗೂ ಮೀರಿ ಅಡಗಿದ್ದ ಒಂದು ಸ್ವರವನ್ನು ಈ ನೆಲದ ಬಾಯಿಮಾತು ಹಿಂದಿರುಗಿಸಿತು.

ದಾನಿಗಳನ್ನೂ ವೀರರನ್ನೂ ಹೊಗಳಲು ನಮ್ಮ ಶಾಸನಗಳಿವೆ. ಬೊಮ್ಮನಿಗೆ ಅಂತಹ ಕಲ್ಲು ಯಾರು ನೆಡುತ್ತಿದ್ದರು? ಅವನು ಏಡನ್ನಿನಲ್ಲಿ ಕುಡಿದು, ಹಣಕ್ಕಾಗಿ ಪೀಡಿಸಿದನೆಂಬ ದೂರು ಸಹ ಉಳಿದಿದೆ! ದಾಸ್ಯವು ಆ ಕಾಲದಲ್ಲಿ ಮೃದುವಾಗಿತ್ತೆಂದು ಇದರಿಂದ ನಿರ್ಣಯಿಸುವುದು ಅವಸರವಾದೀತು. ಆದರೆ 1148ರಲ್ಲಿ ಏಡನ್ನಿನ ಖಲಫ್ ಇಬ್ನ್ ಇಸಹಾಕನು ಬೆನ್ ಯಿಜುವಿಗೆ ಬರೆದ ಓಲೆಯಲ್ಲಿ ಈ ದಾಸನಿಗೂ ವಂದನೆಗಳನ್ನು ತಿಳಿಸಿದ್ದಾನೆ. ಮಂಗಳೂರಿನ ಹಳೆಯ ಬಂದರಿನಲ್ಲಿ, ನೇತ್ರಾವತಿ ಗುರುಪುರ ನದಿಗಳು ಕಡಲನ್ನು ಸೇರುವೆಡೆ, ಮೀನುದೋಣಿಗಳ ನಡುವೆ ನಿಂತು ಪ್ರವಾಸಿಯು ಓದಿಕೊಳ್ಳತಕ್ಕದ್ದು ಆ ಓಲೆಯನ್ನು.