21 ಸಲ ಹೊಡೆಯುವ ಗಂಟೆ

ತೈಪೆಯ ನ್ಯಾಷನಲ್ ತೈವಾನ್ ವಿಶ್ವವಿದ್ಯಾಲಯದಲ್ಲಿ ಒಂದು ಗಂಟೆ ಇದೆ. ಹೊಡೆದರೆ 21 ಸಲ ಹೊಡೆಯುತ್ತೆ. 24 ಯಾಕಲ್ಲ? ಅಲ್ಲಿ ಕುಲಪತಿಯಾಗಿದ್ದ ಇತಿಹಾಸಕಾರ ಫು ಸಿನ್ಯನ್ ಹೇಳುತ್ತಿದ್ದರಂತೆ: ದಿನಕ್ಕಿರೋದು 21 ಗಂಟೆ ಮಾತ್ರ, ಉಳಿದ ಮೂರು ಗಂಟೆ ಯೋಚನೆ ಮಾಡೋದಕ್ಕೆ!

ಹಾಗಂತ ಫು ಸುಮ್ಮನೆ ಕೂತು ಯೋಚಿಸುವ ಆಸಾಮಿಯಲ್ಲ. 1896ರಲ್ಲಿ ಚೀನಾದ ಶಾನ್‌ಡಾಂಗ್ ಪ್ರಾಂತ್ಯದಲ್ಲಿ ಹುಟ್ಟಿದವರು. ಮೊದಲ ಮಹಾಯುದ್ಧ ಮುಗಿದ ಮೇಲೆ, ಆ ಪ್ರಾಂತ್ಯದಲ್ಲಿ ಜರ್ಮನಿಗಿದ್ದ ಹಕ್ಕುಗಳನ್ನು ಜಪಾನಿಗೆ ಕೊಡಲು ದೊಡ್ಡ ದೇಶಗಳು ಒಪ್ಪಿದವು. ಅದನ್ನು ವಿರೋಧಿಸಿ 1919ರ ಮೇ 4ರಂದು ಬೀಜಿಂಗ್‌ನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಾಗ ಮೆರವಣಿಗೆಯ ಮುಂದಾಳು ಇದೇ ಫು.

ಆಮೇಲೆ ಲಂಡನ್, ಬರ್ಲಿನ್‌ಗಳಲ್ಲಿ ಮನಶ್ಶಾಸ್ತ್ರ, ಗಣಿತ, ಭಾಷಾಶಾಸ್ತ್ರ ಅಂತ ಸಿಕ್ಕಿದ್ದೆಲ್ಲ ಓದಿ, 1926ರಲ್ಲಿ ಒಂದು ಡಿಗ್ರಿಯೂ ಇಲ್ಲದೆ ವಾಪಸ್ ಬಂದರು! 1928ರಲ್ಲಿ ಇತಿಹಾಸ ಮತ್ತು ಭಾಷಾಶಾಸ್ತ್ರದ ಸಂಶೋಧನಾ ಸಂಸ್ಥೆ ಕಟ್ಟಿದರು. ಹಳೆ ಗ್ರಂಥಗಳಿಗೆ ವ್ಯಾಖ್ಯಾನ ಬರೆಯುತ್ತಾ ಕೂರಬೇಡಿ, ಹೋಗಿ ಹೊಸ ಸಾಮಗ್ರಿ ಹುಡುಕಿ ಅನ್ನೋದು ಅವರ ವಾದ. ಅದೇ ವರ್ಷ ಆನ್ಯಾಂಗ್‌ನಲ್ಲಿ ಉತ್ಖನನ ಶುರುವಾಯಿತು. 1936ರಲ್ಲಿ ಅಲ್ಲಿನ ಒಂದೇ ಗುಂಡಿಯಲ್ಲಿ, ಶಾಂಗ್ ದೊರೆಗಳ ಕಾಲದಲ್ಲಿ ಶಕುನ ಕೇಳಲು ಅಕ್ಷರ ಕೆತ್ತಿದ್ದ ಆಮೆಚಿಪ್ಪು, ಮೂಳೆಗಳ 17 ಸಾವಿರಕ್ಕೂ ಹೆಚ್ಚು ಚೂರುಗಳು ಸಿಕ್ಕವು. ಹಿಂದೆ ರದ್ದಿ ಲೆಕ್ಕದಲ್ಲಿ ಮಾರಾಟವಾಗಿದ್ದ ಮಿಂಗ್, ಚಿಂಗ್ ಅರಮನೆಗಳ ಕಡತಗಳನ್ನೂ 1929ರಲ್ಲಿ ಸಂಸ್ಥೆಗೆ ಕೊಂಡುಕೊಂಡರು. ಇಲ್ಲದಿದ್ದರೆ ಅವೆಲ್ಲ ಏನಾಗ್ತಿದ್ದವೋ...

ಬಾಯಿ ಮಾತ್ರ ಸುಮ್ಮನಿರಲಿಲ್ಲ. 1947ರಲ್ಲಿ ಪ್ರಧಾನಿ ಟಿ. ವಿ. ಸೂಂಗ್ ಕುರ್ಚಿ ಬಿಡಲೇಬೇಕು ಅಂತ ಪತ್ರಿಕೆಯಲ್ಲಿ ಬರೆದರು. ಸ್ವಲ್ಪ ದಿನದಲ್ಲೇ, ಮಾರ್ಚ್ 1ರಂದು, ಸೂಂಗ್ ರಾಜೀನಾಮೆ ಕೊಟ್ಟರು. ಕಾರಣ ಅದೊಂದೇ ಅಲ್ಲ. ಆದರೂ ತನ್ನದೇ ಪಾಳಯದ ಪ್ರಧಾನಿಯ ವಿರುದ್ಧ ಹಾಗೆ ಬರೆಯೋಕೆ ಗುಂಡಿಗೆ ಬೇಕು.

1949ರ ಜನವರಿಯಲ್ಲಿ ತೈವಾನ್ ವಿ.ವಿ.ಯ ಕುಲಪತಿಯಾದರು. ಏಪ್ರಿಲ್ 6ರಂದು ಸರ್ಕಾರ ವಿದ್ಯಾರ್ಥಿಗಳನ್ನು ಬಂಧಿಸಿತು. ಮೂವತ್ತು ವರ್ಷದ ಹಿಂದೆ ಮೆರವಣಿಗೆಯಲ್ಲಿದ್ದ ಹುಡುಗ ಈಗ ಕುಲಪತಿ, ಎದುರಿಗಿರೋದು ತಾನು ನಂಬಿ ಹಿಂದೆ ಬಂದ ಸರ್ಕಾರ! ಫು ಪ್ರತಿಭಟಿಸಿದರು.

1950ರ ಡಿಸೆಂಬರ್ 20ರಂದು ಪ್ರಾಂತೀಯ ಸಭೆಯಲ್ಲಿ ವಿ.ವಿ. ಬಗ್ಗೆ ಪ್ರಶ್ನೆಗಳಿಗೆ ಉತ್ತರಿಸಿದ ಮೇಲೆ ಅಲ್ಲೇ ಕುಸಿದರು. ಆ ರಾತ್ರಿಯೇ ತೀರಿಕೊಂಡರು. ವಯಸ್ಸು 54. ಸಮಾಧಿ ಇರೋದು ಅದೇ ಕ್ಯಾಂಪಸ್ಸಿನಲ್ಲಿ.

ಇಷ್ಟು ಕೆಲಸ ಮಾಡಿದವರು, ಯೋಚನೆಗೆ ಅಂತ ಮೂರು ಗಂಟೆ ಬೇರೆ ಎತ್ತಿಡಿ ಅಂದರಲ್ಲ! ನಾವು ಮೂವತ್ತು ನಿಮಿಷವಾದರೂ ಇಡ್ತೀವಾ? ನನ್ನ ಉತ್ತರ ಹೇಳೋಕೆ ನಾಚಿಕೆ. ನಿಮ್ಮದು?