ಆತ್ಮದ ಪ್ರತಿನಿಧಿ: ಆಲ್ಫ್ರೆಡ್ ನೊಬೆಲರ ಉಯಿಲನ್ನು ನಡೆಸಿದವರ ಕಥೆ

ನಿಮ್ಮಲ್ಲಿ ಕೆಲವರು ಈಗಾಗಲೇ ಉಯಿಲು ಬರೆದಿಟ್ಟಿರಬಹುದು. ಬರೆಯಬೇಕೆಂದು ಯೋಚಿಸುತ್ತಲೇ ವರ್ಷಗಳನ್ನು ದೂಡುತ್ತಿರುವವರು ಇನ್ನೂ ಹೆಚ್ಚು ಮಂದಿ ಇರಬಹುದು. ಮನೆ ಯಾರಿಗೆ, ತೋಟ ಯಾರಿಗೆ, ತಾಯಿಯ ಕಾಲದ ಬಂಗಾರದ ಸರ ಯಾವ ಮಗಳಿಗೆ ಎಂಬುದನ್ನು ನಾವು ಹತ್ತು ಸಲ ತೂಗಿ ನೋಡುತ್ತೇವೆ. ಆದರೆ ಉಯಿಲಿನ ಕೊನೆಯ ಭಾಗದಲ್ಲಿ ಬರುವ ಒಂದು ವಾಕ್ಯದ ಬಗ್ಗೆ ಅಷ್ಟಾಗಿ ಯೋಚಿಸುವುದಿಲ್ಲ. ಈ ಉಯಿಲನ್ನು ಜಾರಿಗೆ ತರುವ ಹೊಣೆಯನ್ನು ಇಂಥವರಿಗೆ ಒಪ್ಪಿಸಿದ್ದೇನೆ ಎಂಬ ವಾಕ್ಯ ಅದು. ಆ ಜಾಗದಲ್ಲಿ ನೆನಪಿಗೆ ಬಂದ ಒಂದು ಹೆಸರನ್ನು ಬರೆದುಬಿಡುತ್ತೇವೆ. ಎಷ್ಟೋ ವೇಳೆ ಆ ವ್ಯಕ್ತಿಯನ್ನು ಒಂದು ಮಾತು ಕೇಳಿರುವುದೂ ಇಲ್ಲ.

ವಕೀಲರು ಆ ವ್ಯಕ್ತಿಯನ್ನು ಎಕ್ಸಿಕ್ಯೂಟರ್ ಎನ್ನುತ್ತಾರೆ. ನಾವು ಉಯಿಲು ನಿರ್ವಾಹಕ ಎನ್ನೋಣ. ಬಸ್ಸಿನಲ್ಲಿ ಚೀಟಿ ಕೊಡುವವರಿಗೂ ಇದೇ ಹೆಸರಿರುವುದರಿಂದ ಸ್ವಲ್ಪ ಗೊಂದಲವಾಗಬಹುದು, ಆದರೂ ಪದ ತೀರ ಹೊಂದದೇ ಇಲ್ಲ: ಎಲ್ಲರನ್ನೂ ಅವರವರ ಸ್ಥಳಕ್ಕೆ ಮುಟ್ಟಿಸಿ, ಲೆಕ್ಕ ಒಪ್ಪಿಸಿ, ತಾನು ಬರಿಗೈಯಲ್ಲಿ ಇಳಿದು ಹೋಗುವುದು ಇಬ್ಬರ ಕೆಲಸವೂ ಹೌದು. ಕ್ರೈಸ್ತರ ಉತ್ತರಾಧಿಕಾರಕ್ಕೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ ಪ್ರಕಾರ, ಉಯಿಲು ಬರೆದವರು ತೀರಿಕೊಂಡೊಡನೆ ಅವರ ಸ್ವತ್ತು ನಿರ್ವಾಹಕನಲ್ಲಿ ನೆಲೆಸುತ್ತದೆ. ನೆಲೆಸುತ್ತದೆಯೇ ಹೊರತು ಅವನದಾಗುವುದಿಲ್ಲ. ಅವನು ಮೊದಲು ಅಂತ್ಯಕ್ರಿಯೆಯ ಮತ್ತು ಕೊನೆಯ ಕಾಯಿಲೆಯ ವೆಚ್ಚವನ್ನು ತೀರಿಸಬೇಕು. ಬಳಿಕ ನ್ಯಾಯಾಲಯದ ಖರ್ಚು. ಆಮೇಲೆ ಮೃತರಲ್ಲಿ ಕೊನೆಯ ಮೂರು ತಿಂಗಳು ದುಡಿದ ಕೂಲಿಯವರ, ಕುಶಲಕರ್ಮಿಗಳ, ಮನೆಯ ಆಳುಗಳ ಸಂಬಳ. ಅನಂತರ ಇತರ ಸಾಲಗಳು. ಇಷ್ಟೆಲ್ಲ ತೀರಿದ ಮೇಲೆಯೇ ಉಯಿಲಿನಲ್ಲಿ ಹೇಳಿದ ಕೊಡುಗೆಗಳ ಸರದಿ. ಸಾಲ ಕೊಟ್ಟ ಸಾಹುಕಾರನಿಗಿಂತ ಮುಂಚೆ ಅಡುಗೆಯವಳ ಸಂಬಳವನ್ನು ನೆನೆದ ಈ ಕ್ರಮವನ್ನು ಓದುವಾಗ, ಕಾನೂನಿನ ಪುಸ್ತಕಕ್ಕೂ ಹೃದಯವಿದೆ ಎನಿಸುತ್ತದೆ. ನ್ಯಾಯಾಲಯದಿಂದ ಪ್ರೊಬೇಟ್, ಅಂದರೆ ಉಯಿಲಿಗೆ ಅಧಿಕೃತ ಮುದ್ರೆ ಪಡೆದ ನಿರ್ವಾಹಕನು ಆರು ತಿಂಗಳೊಳಗೆ ಸ್ವತ್ತಿನ ಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕವನ್ನೂ ಒಪ್ಪಿಸಬೇಕು. ನಮ್ಮ ದೇಶದ ಕ್ರೈಸ್ತರಿಗೆ ಪ್ರೊಬೇಟಿನ ಕಡ್ಡಾಯವು 2002ರ ತಿದ್ದುಪಡಿಯಿಂದ ತಪ್ಪಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಡ್ಡಾಯದ ಕಲಮನ್ನೇ ಕಾಯ್ದೆಯಿಂದ ತೆಗೆದುಹಾಕಿತು. ಕಡ್ಡಾಯ ಹೋಯಿತು, ಹೊಣೆ ಹೋಗಲಿಲ್ಲ.

ಮರಣಶಾಸನಕ್ಕೆ ಬಲ ಬರುವುದು ಅದನ್ನು ಬರೆದವನು ಸತ್ತ ಮೇಲೆಯೇ ಎಂಬ ಮಾತನ್ನು ಇಬ್ರಿಯರಿಗೆ ಬರೆದ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ನಾವು ಓದಿದ್ದೇವೆ. ತೊಡಕು ಇರುವುದೂ ಅಲ್ಲಿಯೇ. ಮಾತಿಗೆ ಬಲ ಬರುವ ಹೊತ್ತಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾದವನು ಇರುವುದಿಲ್ಲ. ಆಗ ಒಬ್ಬ ನಿರ್ವಾಹಕ ಏನು ಮಾಡಬೇಕಾದೀತು ಎಂಬುದನ್ನು ತಿಳಿಯಲು, ಈ ತಿಂಗಳು ತಾವು ನನ್ನೊಡನೆ ಸ್ವೀಡನ್ ದೇಶಕ್ಕೂ ನೂರಿಪ್ಪತ್ತೈದು ವರ್ಷಕ್ಕೂ ಹಿಂದಿನ ಕಾಲಕ್ಕೂ ಬರಬೇಕು.

ಡೈನಮೈಟನ್ನು ಕಂಡುಹಿಡಿದ ಆಲ್ಫ್ರೆಡ್ ನೊಬೆಲ್ 1896ರ ಡಿಸೆಂಬರ್ 10ರಂದು ಇಟಲಿಯ ಸಾನ್ ರೆಮೊ ಪಟ್ಟಣದ ತಮ್ಮ ಮನೆಯಲ್ಲಿ ತೀರಿಕೊಂಡರು. ಆಗ ಅವರಿಗೆ 63 ವರ್ಷ. ಮದುವೆಯಾಗಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಹತ್ತಿರವಿದ್ದವರು ಕೆಲಸದವರು ಮಾತ್ರ. ರಕ್ತಸ್ರಾವದಿಂದ ಮೆದುಳು ಕೆಟ್ಟು, ಕಲಿತ ಭಾಷೆಗಳೆಲ್ಲ ಮರೆತು, ಬಾಲ್ಯದ ಸ್ವೀಡಿಷ್ ನುಡಿಯಲ್ಲಿ ಅವರು ಏನೋ ಹೇಳುತ್ತಿದ್ದರೆಂದೂ ಆ ಮಾತು ಯಾರಿಗೂ ತಿಳಿಯಲಿಲ್ಲವೆಂದೂ ಹೇಳುತ್ತಾರೆ. ತಂತಿ ತಲುಪಿ ಅಣ್ಣಂದಿರ ಮಕ್ಕಳೂ ಸಹಾಯಕ ರಾಗ್ನಾರ್ ಸೋಲ್ಮನ್ ಅವರೂ ಬಂದು ಸೇರುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಪ್ಯಾರಿಸಿನ ಸ್ವೀಡಿಷ್ ಸಭೆಯ ಪಾದ್ರಿಯಾಗಿದ್ದ ನಾಥಾನ್ ಸೋಡರ್‌ಬ್ಲೋಮ್ ಎಂಬ ತರುಣರು ಅಲ್ಲಿಯೇ ಪ್ರಾರ್ಥನೆ ನಡೆಸಿದರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

ಸ್ಟಾಕ್‌ಹೋಮಿನ ಬ್ಯಾಂಕೊಂದರಲ್ಲಿ ಇರಿಸಿದ್ದ ಉಯಿಲನ್ನು ತೆರೆದರು. ಅದು 1895ರ ನವೆಂಬರ್ 27ರಂದು ಪ್ಯಾರಿಸಿನಲ್ಲಿ ರುಜು ಹಾಕಿದ ಉಯಿಲು. ನೊಬೆಲ್ ಅವರಿಗೆ ವಕೀಲರೆಂದರೆ ಆಗುತ್ತಿರಲಿಲ್ಲ. ಹಾಗಾಗಿ ಯಾರ ಸಲಹೆಯನ್ನೂ ಕೇಳದೆ ತಾವೇ ಕೈಯಾರೆ ಬರೆದಿದ್ದರು. ಬಂಧುಗಳಿಗೂ ಆಪ್ತರಿಗೂ ಕೆಲವು ಕೊಡುಗೆಗಳು. ಉಳಿದ ಸಮಸ್ತ ಸ್ವತ್ತನ್ನು ನಿರ್ವಾಹಕರು ಹಣವಾಗಿ ಪರಿವರ್ತಿಸಿ ಭದ್ರವಾದ ಪತ್ರಗಳಲ್ಲಿ ತೊಡಗಿಸಬೇಕು. ಅದರ ಬಡ್ಡಿಯನ್ನು ಹಿಂದಿನ ವರ್ಷದಲ್ಲಿ ಮಾನವಕುಲಕ್ಕೆ ಅತ್ಯಂತ ಹೆಚ್ಚಿನ ಉಪಕಾರ ಮಾಡಿದವರಿಗೆ ಐದು ಬಹುಮಾನಗಳಾಗಿ ಪ್ರತಿವರ್ಷ ಹಂಚಬೇಕು. ಅಷ್ಟೇ. ಹೀಗೆ ಹಂಚಬೇಕಾದ ಮೊತ್ತ 3 ಕೋಟಿ 10 ಲಕ್ಷ ಕ್ರೋನರ್‌ಗೂ ಹೆಚ್ಚು.

ಕಾನೂನಿನ ಕಣ್ಣಿನಲ್ಲಿ ಈ ಉಯಿಲಿನ ತುಂಬ ತೂತುಗಳಿದ್ದವು. ಉಳಿದ ಸ್ವತ್ತು ಯಾರಿಗೆ ಸೇರಬೇಕು? ಒಂದು ನಿಧಿಗೆ ಎಂದಿದೆ. ಆದರೆ ಅಂಥ ನಿಧಿಯಾಗಲಿ ಸಂಸ್ಥೆಯಾಗಲಿ ಭೂಮಿಯ ಮೇಲೆ ಇರಲಿಲ್ಲ. ಬಹುಮಾನ ಕೊಡಬೇಕಾದವರು ಸ್ವೀಡನ್ನಿನ ವಿಜ್ಞಾನ ಅಕಾಡೆಮಿ, ಕರೋಲಿನ್ಸ್ಕಾ ವೈದ್ಯಕೀಯ ಸಂಸ್ಥೆ, ಸಾಹಿತ್ಯದ ಅಕಾಡೆಮಿ ಮತ್ತು ನಾರ್ವೆಯ ಸಂಸತ್ತು ಆರಿಸುವ ಐವರು. ಇವರಲ್ಲಿ ಯಾರನ್ನೂ ನೊಬೆಲ್ ಕೇಳಿರಲಿಲ್ಲ. ಸತ್ತವರ ನಿವಾಸ ಯಾವ ದೇಶ ಎಂಬುದನ್ನೂ ಉಯಿಲು ಹೇಳಿರಲಿಲ್ಲ.

ನಿರ್ವಾಹಕರೆಂದು ಇಬ್ಬರ ಹೆಸರಿತ್ತು. ಒಬ್ಬರು 26 ವರ್ಷದ ಸೋಲ್ಮನ್. ಇನ್ನೊಬ್ಬರು ರುಡಾಲ್ಫ್ ಲಿಲ್ಯಕ್ವಿಸ್ಟ್ ಎಂಬ ಎಂಜಿನಿಯರ್. ನೊಬೆಲ್ ಅವರನ್ನು ಕಂಡದ್ದೇ ಬೆರಳೆಣಿಕೆಯಷ್ಟು ಸಲ. ಇಬ್ಬರಲ್ಲಿ ಯಾರೂ ಕಾನೂನು ಓದಿದವರಲ್ಲ. ತಮ್ಮ ಹೆಸರು ಅಲ್ಲಿದೆ ಎಂದು ಸೋಲ್ಮನ್ ಅವರಿಗೆ ತಿಳಿದದ್ದೇ ಮರಣದ ನಂತರ. ಹೆಚ್ಚಿನ ಶ್ರಮ ಸೋಲ್ಮನ್ ಅವರ ಪಾಲಿಗೆ ಬಂದೀತು ಎಂದು ಊಹಿಸಿ ನೊಬೆಲ್ ಅವರಿಗೆ ಒಂದು ಲಕ್ಷ ಕ್ರೋನರ್, ಲಿಲ್ಯಕ್ವಿಸ್ಟ್ ಅವರಿಗೆ ಐವತ್ತು ಸಾವಿರ ಎಂದು ಬರೆದಿದ್ದರು. ವಕೀಲರನ್ನು ಕೇಳದೆ ಬರೆದ ಆ ಉಯಿಲಿನಲ್ಲಿ ಈ ಊಹೆಯಾದರೂ ಸರಿಯಾಗಿತ್ತು. ಇಬ್ಬರೂ ಸೇರಿ ಮಾಡಿದ ಮೊದಲ ಜಾಣತನವೆಂದರೆ ಕಾರ್ಲ್ ಲಿಂಡ್‌ಹಾಗೆನ್ ಎಂಬ ಸಮರ್ಥ ಕಾನೂನು ಪಂಡಿತರ ಮೊರೆಹೊಕ್ಕದ್ದು.

ನಿವಾಸದ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾಗಿತ್ತು. ನೊಬೆಲ್ ಒಂಬತ್ತನೆಯ ವಯಸ್ಸಿನಲ್ಲಿ ಸ್ಟಾಕ್‌ಹೋಮನ್ನು ಬಿಟ್ಟು ರಷ್ಯಕ್ಕೆ ಹೋದವರು. ಪ್ಯಾರಿಸಿನಲ್ಲಿ ದೊಡ್ಡ ಮನೆ, ಸಾನ್ ರೆಮೊದಲ್ಲಿ ಬಂಗಲೆ, ಸ್ವೀಡನ್ನಿನ ಬೋಫೋರ್ಸ್ ಕಾರ್ಖಾನೆಯ ಪಕ್ಕದಲ್ಲಿ ಬ್ಯೋರ್ಕ್‌ಬೋರ್ನ್ ಎಂಬ ಮನೆ ಇದ್ದವು. (ನಮ್ಮ ದೇಶದ ರಾಜಕೀಯದಲ್ಲಿ ಮುಂದೆ ಬಹಳ ಸದ್ದು ಮಾಡಿದ ಬೋಫೋರ್ಸ್ ಇದೇ.) ಫ್ರಾನ್ಸ್ ಅವರ ನಿವಾಸವೆಂದು ತೀರ್ಮಾನವಾದರೆ ಅಲ್ಲಿನ ನ್ಯಾಯಾಲಯಗಳು ಈ ಉಯಿಲನ್ನು ತಳ್ಳಿಹಾಕುವ ಸಂಭವ ಹೆಚ್ಚಿತ್ತು, ತೆರಿಗೆಯೂ ಭಾರಿಯಾಗುತ್ತಿತ್ತು. ಬ್ಯೋರ್ಕ್‌ಬೋರ್ನ್‌ನ ಲಾಯದಲ್ಲಿ ನೊಬೆಲ್ ರಷ್ಯದಿಂದ ತರಿಸಿದ ಕುದುರೆಗಳನ್ನು ಸಾಕಿದ್ದರು. ಮನುಷ್ಯನ ಮನೆ ಅವನ ಕುದುರೆಗಳಿರುವಲ್ಲಿ ಎಂಬ ವಾದದ ಬಲದಿಂದ ಸ್ವೀಡನ್ ಗೆದ್ದಿತೆಂಬ ಕಥೆ ಇಂದಿಗೂ ಪ್ರಚಲಿತವಾಗಿದೆ. ಕುದುರೆಗಳ ಪಾಲು ಎಷ್ಟೇ ಇರಲಿ, ಉಯಿಲು ದಾಖಲಾದದ್ದು ಬೋಫೋರ್ಸ್ ಸೇರಿದ್ದ ಕಾರ್ಲ್ಸ್‌ಕೂಗಾ ಎಂಬ ಸಣ್ಣ ಊರಿನ ನ್ಯಾಯಾಲಯದಲ್ಲಿ.

ಆದರೆ ಷೇರುಗಳೂ ಸಾಲಪತ್ರಗಳೂ ಇನ್ನೂ ಪ್ಯಾರಿಸಿನ ಬ್ಯಾಂಕುಗಳಲ್ಲಿದ್ದವು. 1897ರ ಆರಂಭದಲ್ಲಿ ಸೋಲ್ಮನ್ ಅಲ್ಲಿಗೆ ಹೋದರು. ಸ್ವೀಡನ್ನಿನ ನಿರ್ವಾಹಕರಿಗೆ ಸ್ವತ್ತಿನ ಮೇಲೆ ಪೂರ್ಣ ಅಧಿಕಾರವಿದೆ ಎಂಬ ಪ್ರಮಾಣಪತ್ರವನ್ನು ಸ್ವೀಡನ್-ನಾರ್ವೆಯ ಕಾನ್ಸಲ್ ಜನರಲ್ ನೋರ್ಡ್ಲಿಂಗ್ ಒದಗಿಸಿದರು. ದಿನದಿನವೂ ಪತ್ರಗಳನ್ನು ಬ್ಯಾಂಕಿನಿಂದ ತೆಗೆದು, ಬಾಡಿಗೆಯ ಕುದುರೆಗಾಡಿಯಲ್ಲಿಟ್ಟುಕೊಂಡು, ಗುಂಡು ತುಂಬಿದ ಪಿಸ್ತೂಲನ್ನು ಕೈಯಲ್ಲಿ ಹಿಡಿದು ಸೋಲ್ಮನ್ ಕಾನ್ಸಲ್ ಕಚೇರಿಗೆ ಸಾಗಿಸಿದರು. ಅಲ್ಲಿ ಪಟ್ಟಿ ಮಾಡಿ, ಕಟ್ಟಿ, ಮೊಹರು ಹಾಕಿ, ವಿಮೆ ಮಾಡಿಸಿ ರೈಲು ನಿಲ್ದಾಣದಿಂದ ಲಂಡನ್ನಿಗೂ ಸ್ಟಾಕ್‌ಹೋಮಿಗೂ ಕಳುಹಿಸಿದರು. ಫ್ರಾನ್ಸಿನಲ್ಲಿ ದಾವೆ ಹೂಡಲೆಂದು ಬಂಧುಗಳು ಪ್ಯಾರಿಸಿಗೆ ಬಂದಿದ್ದರು. ಒಂದು ಭೋಜನದ ಮೇಜಿನಲ್ಲಿ ಸೋಲ್ಮನ್ ಅವರಿಗೆ ವಿಷಯ ತಿಳಿಸಿದರು: ಇಲ್ಲಿ ಇನ್ನೇನೂ ಉಳಿದಿಲ್ಲ.

ಈ ಘಟನೆಯನ್ನು ಓದುವಾಗ ನನಗೆ ಮೆಚ್ಚುಗೆಯ ಜೊತೆಗೆ ಕಸಿವಿಸಿಯೂ ಆಗುತ್ತದೆ. ಬಂಧುಗಳು ನ್ಯಾಯಾಲಯದ ಬಾಗಿಲು ತಟ್ಟುವ ಮೊದಲೇ ಸ್ವತ್ತನ್ನು ಗಡಿ ದಾಟಿಸಿದ್ದು ಸರಿಯೇ? ಅವರು ದುರಾಶೆಯ ಜನರೇನಲ್ಲ. ಹಿಂದಿನ ಉಯಿಲಿನಲ್ಲಿ ಅವರ ಪಾಲು ಇದಕ್ಕಿಂತ ಹೆಚ್ಚಿತ್ತು. ಚಿಕ್ಕಪ್ಪನ ಮನಸ್ಸು ಯಾಕೆ ಬದಲಾಯಿತೆಂದು ಅವರಿಗೆ ಹೇಳುವವರೂ ಇರಲಿಲ್ಲ. ನಮ್ಮಲ್ಲಿಯಾದರೂ ಹೀಗಾದರೆ ಎಷ್ಟು ಮಂದಿ ಸುಮ್ಮನಿದ್ದೇವು? ಆದರೂ ನಿರ್ವಾಹಕನ ಯಜಮಾನ ಬದುಕಿರುವ ಬಂಧುವಲ್ಲ. ಸೋಲ್ಮನ್ ತಮಗಾಗಿ ಒಂದು ಕಾಗದವನ್ನೂ ಎತ್ತಿಟ್ಟುಕೊಳ್ಳಲಿಲ್ಲ, ಮಾಡಿದ್ದನ್ನು ಮುಚ್ಚಿಡಲೂ ಇಲ್ಲ.

ಊರಿನಲ್ಲೂ ಉಯಿಲಿಗೆ ವಿರೋಧವಿತ್ತು. ದೇಶದ ಹಣ ಪರದೇಶದವರ ಪಾಲಾಗುತ್ತದೆ, ಶಾಂತಿಯ ಬಹುಮಾನವನ್ನು ನಾರ್ವೆಯವರ ಕೈಗೆ ಕೊಟ್ಟದ್ದು ಸ್ವೀಡನ್ನಿಗೆ ಅವಮಾನ ಎಂದು ರಾಷ್ಟ್ರಾಭಿಮಾನಿಗಳು ಗೊಣಗಿದರು. ಸಮಾಜವಾದಿ ನಾಯಕ ಯಲ್ಮಾರ್ ಬ್ರಾಂಟಿಂಗ್ ಪತ್ರಿಕೆಯಲ್ಲಿ ಉಯಿಲನ್ನು ಹಳಿದರು. ವಿಜ್ಞಾನ ಅಕಾಡೆಮಿಯು ಉಯಿಲು ಸ್ಥಿರವಾಗುವ ತನಕ ಮಾತುಕತೆಗೇ ಬಾರೆನೆಂದಿತು. ನಾರ್ವೆಯ ಸಂಸತ್ತು ಮಾತ್ರ 1897ರ ಏಪ್ರಿಲಿನಲ್ಲಿಯೇ ಒಪ್ಪಿಗೆ ಸೂಚಿಸಿತು.

ಎಲ್ಲವೂ ನಿಂತಿದ್ದದ್ದು ಎಮಾನುಯೆಲ್ ನೊಬೆಲ್ ಎಂಬ ಅಣ್ಣನ ಮಗನ ಮೇಲೆ. ರಷ್ಯದ ಬಾಕುವಿನಲ್ಲಿ ಆ ಕುಟುಂಬದ ದೊಡ್ಡ ಎಣ್ಣೆ ಕಂಪನಿಯನ್ನು ನಡೆಸುತ್ತಿದ್ದವರು ಅವರು. ಆಲ್ಫ್ರೆಡ್ ಅವರಿಗೆ ಅದರಲ್ಲಿ ಬಹಳಷ್ಟು ಷೇರುಗಳಿದ್ದವು. ಉಯಿಲಿನಂತೆ ಅವನ್ನೆಲ್ಲ ಒಮ್ಮೆಲೇ ಮಾರಿದರೆ ಕಂಪನಿ ಅಲುಗಾಡುವುದು ಖಂಡಿತ. ಉಯಿಲನ್ನು ಮುರಿಯಲು ಅವರಿಗಿದ್ದಷ್ಟು ಕಾರಣ ಮತ್ತೆ ಯಾರಿಗೂ ಇರಲಿಲ್ಲ. ಆದರೆ ಅವರೇ ಸೋಲ್ಮನ್ ಅವರನ್ನು ಕರೆದು ರಷ್ಯನ್ ಭಾಷೆಯ ಒಂದು ಪದವನ್ನು ನೆನಪಿಸಿದರು. ಉಯಿಲು ನಿರ್ವಾಹಕನಿಗೆ ಆ ಭಾಷೆಯಲ್ಲಿ 'ದುಶೆಪ್ರಿಕಾಜ್‌ಚಿಕ್' ಎನ್ನುತ್ತಾರೆ. ಆತ್ಮದ ಪ್ರತಿನಿಧಿ, ಆತ್ಮದ ಪರವಾಗಿ ಕೆಲಸ ನಡೆಸುವವನು ಎಂದು ಅದರ ಅರ್ಥ. ಆ ಪದದಲ್ಲಿರುವ ಕರ್ತವ್ಯಕ್ಕೆ ತಕ್ಕಂತೆ ನಡೆದುಕೊಳ್ಳಿ ಎಂಬುದು ಅವರ ಮಾತಿನ ಸಾರವಾಗಿತ್ತು. ಎದುರಾಳಿಯಾಗಬಹುದಾಗಿದ್ದವರ ಬಾಯಿಂದ ಬಂದ ಈ ಮಾತು ಸೋಲ್ಮನ್ ಅವರ ಮನಸ್ಸಿನಲ್ಲಿ ಕೊನೆಯ ತನಕ ಉಳಿಯಿತು.

1898ರ ಫೆಬ್ರವರಿಯಲ್ಲಿ ದೊರೆ ಎರಡನೆಯ ಆಸ್ಕರ್ ಎಮಾನುಯೆಲ್ ಅವರನ್ನು ಕರೆಸಿ, ನಿಮ್ಮ ಚಿಕ್ಕಪ್ಪ ಶಾಂತಿಯ ಹುಚ್ಚು ಹಿಡಿದವರ ಮಾತಿಗೆ ಮರುಳಾಗಿದ್ದರು, ಉಯಿಲನ್ನು ಬದಲಿಸಲು ಒಪ್ಪಿ ಎಂದು ಒತ್ತಾಯಿಸಿದರು. ವಿದ್ವಾಂಸರಿಗೆ ಸಲ್ಲಬೇಕಾದ ಹಣವನ್ನು ನೊಬೆಲ್ ಕುಟುಂಬ ಕಸಿದುಕೊಂಡಿತೆಂಬ ಅಪವಾದಕ್ಕೆ ತನ್ನ ಒಡಹುಟ್ಟಿದವರನ್ನು ಗುರಿಮಾಡಲಾರೆನೆಂದು ಎಮಾನುಯೆಲ್ ಉತ್ತರಿಸಿದರು. ದೊರೆಗೆ ಎದುರಾಡಿದ್ದನ್ನು ಕೇಳಿ ಅವರ ರಷ್ಯನ್ ವಕೀಲರು, ಇನ್ನು ಸೆರೆಮನೆಯೇ ಗತಿ ಎಂದು ಗಾಬರಿಯಿಂದ ಗಂಟುಮೂಟೆ ಕಟ್ಟತೊಡಗಿದರಂತೆ. ಚಕ್ರವರ್ತಿಯ ರಷ್ಯದಲ್ಲಿ ಬೆಳೆದವರಿಗೆ ಆ ಭಯ ಸಹಜವೇ.

ಆಮೇಲೆ ರಾಜಿಯ ದಾರಿ ತೆರೆಯಿತು. ಮೊಕದ್ದಮೆ ಹೂಡಿದ್ದ ಇನ್ನೊಂದು ಕವಲಿನ ಬಂಧುಗಳು 1898ರ ಜೂನ್‌ನಲ್ಲಿ ಒಪ್ಪಂದಕ್ಕೆ ಬಂದರು: 1897ನೆಯ ವರ್ಷದ ಬಡ್ಡಿ ಅವರಿಗೆ, ಅವರು ಉಯಿಲನ್ನು ಒಪ್ಪಬೇಕು, ಮುಂದೆ ಯಾವ ಹಕ್ಕನ್ನೂ ಕೇಳಬಾರದು. ಉಳಿದದ್ದು ಉಯಿಲಿನ ತೂತುಗಳನ್ನು ಮುಚ್ಚುವ ಕೆಲಸ. ಇಲ್ಲದ ಸಂಸ್ಥೆಗೆ ಬದಲು ನೊಬೆಲ್ ಪ್ರತಿಷ್ಠಾನವೇ ಹುಟ್ಟಿತು. ಅದರ ನಿಯಮಾವಳಿಗೆ 1900ರ ಜೂನ್ 29ರಂದು ರಾಜಮುದ್ರೆ ಬಿತ್ತು. 'ಹಿಂದಿನ ವರ್ಷದಲ್ಲಿ' ಎಂಬ ಮಾತನ್ನು ಅಕ್ಷರಶಃ ಹಿಡಿದರೆ ವಿಜ್ಞಾನಿಗಳಿಗೆ ಬಹುಮಾನ ಕೊಡುವುದೇ ಅಸಾಧ್ಯವಾದೀತೆಂದು, ಹಳೆಯ ಸಂಶೋಧನೆಯಾದರೂ ಅದರ ಮಹತ್ತ್ವ ಇತ್ತೀಚೆಗೆ ತಿಳಿದುಬಂದಿದ್ದರೆ ಸಾಕೆಂದು ನಿಯಮದಲ್ಲಿ ಬಿಡಿಸಿ ಬರೆದರು. ಇದು ಸತ್ತವರ ಮಾತನ್ನು ತಿದ್ದಿದಂತೆಯೇ, ಉಳಿಸಿದಂತೆಯೇ? ನನಗೆ ಎರಡನೆಯದೆಂದೇ ತೋರುತ್ತದೆ. ಬರೆದಿರುವ ಅಕ್ಷರಕ್ಕೆ ಕಟ್ಟುಬಿದ್ದು ಉದ್ದೇಶವನ್ನೇ ಮಣ್ಣುಪಾಲು ಮಾಡುವ ನಿರ್ವಾಹಕನೂ ವಿಶ್ವಾಸಘಾತಕನೇ.

1901ರ ಡಿಸೆಂಬರ್ 10ರಂದು, ನೊಬೆಲ್ ತೀರಿಕೊಂಡು ಐದು ವರ್ಷಕ್ಕೆ ಸರಿಯಾಗಿ, ಮೊದಲ ಬಹುಮಾನಗಳನ್ನು ಕೊಡಲಾಯಿತು. ಕ್ಷಕಿರಣವನ್ನು ಕಂಡ ರಾಂಟ್‌ಜೆನ್, ರೆಡ್ ಕ್ರಾಸಿಗೆ ಕಾರಣರಾದ ಹೆನ್ರಿ ಡ್ಯೂನಾ ಆ ಸಾಲಿನಲ್ಲಿದ್ದರು. ಉಯಿಲನ್ನು ಹಳಿದಿದ್ದ ಬ್ರಾಂಟಿಂಗ್ ಅವರಿಗೇ 1921ರಲ್ಲಿ ಶಾಂತಿ ಪುರಸ್ಕಾರ ಬಂದಿತು, ಅವರು ಬೇಡವೆನ್ನಲಿಲ್ಲ. ಸಾನ್ ರೆಮೊದಲ್ಲಿ ಶವದ ಬಳಿ ಪ್ರಾರ್ಥಿಸಿದ್ದ ಸೋಡರ್‌ಬ್ಲೋಮ್ ಮುಂದೆ ಉಪ್ಸಲದ ಆರ್ಚ್‌ಬಿಷಪ್ಪರಾದರು; ಕ್ರೈಸ್ತ ಸಭೆಗಳನ್ನು ಒಂದುಗೂಡಿಸಲು ದುಡಿದದ್ದಕ್ಕಾಗಿ ಅವರು ಶಾಂತಿ ಪುರಸ್ಕಾರ ಪಡೆದದ್ದು 1930ರಲ್ಲಿ. ಮೂರು ವರ್ಷಗಳ ಬಳಿಕ ಬೆಂಗಳೂರಿನವರಾದ ಸಿ. ವಿ. ರಾಮನ್ ಅವರಿಗೆ ಭೌತವಿಜ್ಞಾನದ ಪುರಸ್ಕಾರ ಸಂದದ್ದೂ ಅದೇ ವರ್ಷ.

ಎಮಾನುಯೆಲ್ ತಮ್ಮ ಎಣ್ಣೆ ಕಂಪನಿಯನ್ನು ಆಗ ಉಳಿಸಿಕೊಂಡರು. ಆದರೆ ಕ್ರಾಂತಿಯ ನಂತರ 1918ರಲ್ಲಿ ರಷ್ಯವನ್ನು ಬಿಟ್ಟು ಓಡಬೇಕಾಯಿತು. 1920ರಲ್ಲಿ ಬಾಕುವಿನ ಬಾವಿಗಳೆಲ್ಲ ಸೋವಿಯತ್ ಸರ್ಕಾರದ ವಶವಾದವು. ಸೋಲ್ಮನ್ 1929ರಿಂದ 1946ರ ತನಕ ನೊಬೆಲ್ ಪ್ರತಿಷ್ಠಾನದ ನಿರ್ದೇಶಕರಾಗಿದ್ದು 1948ರಲ್ಲಿ ತೀರಿಕೊಂಡರು. ಈ ಉಯಿಲನ್ನು ನಡೆಸಿದ ಬಗೆಯನ್ನು, ಪ್ಯಾರಿಸಿನ ಕುದುರೆಗಾಡಿಯನ್ನೂ ಎಮಾನುಯೆಲ್ ಹೇಳಿದ ಆ ರಷ್ಯನ್ ಪದವನ್ನೂ ಬಿಡದೆ, ಅವರು ಬರೆದಿಟ್ಟಿದ್ದರು. ಪುಸ್ತಕ ಅಚ್ಚಾಗಿ ಹೊರಬಂದದ್ದು 1950ರಲ್ಲಿ, ಅವರ ಮರಣದ ನಂತರ.