1956ರ ಬೀಳ್ಕೊಡುಗೆ

ರಾಜ್ಯೋತ್ಸವವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಭುವನೇಶ್ವರಿಯ ಚಿತ್ರ, ಅಧ್ಯಕ್ಷರ ಭಾಷಣ, ಮಕ್ಕಳ ಕುಣಿತ, ಕೊನೆಗೆ ಉಪ್ಪಿಟ್ಟು ಕೇಸರಿಭಾತು. ಏಕೀಕರಣಕ್ಕಾಗಿ ದುಡಿದ ಹಿರಿಯರನ್ನೂ ನಾವು ಮರೆಯುವುದಿಲ್ಲ; ಆಲೂರು ವೆಂಕಟರಾಯರ ಹೆಸರೆತ್ತದೆ ನಮ್ಮಲ್ಲಿ ಸಭೆ ಮುಗಿಯುವುದಿಲ್ಲ. ಅದು ಆಗಬೇಕಾದದ್ದೇ. ಆದರೆ ಆ ದಿನಗಳಲ್ಲಿ ಜಯಘೋಷದ ನಡುವೆ ಸದ್ದಿಲ್ಲದೆ ಟ್ರಂಕು ಹಾಸಿಗೆ ಕಟ್ಟುತ್ತಿದ್ದ ಜನರೂ ಇದ್ದರು. ಮುಂಬಯಿ, ಹೈದರಾಬಾದು, ಮದರಾಸುಗಳ ಸರಕಾರಿ ಕಚೇರಿಗಳಲ್ಲಿದ್ದ ಕನ್ನಡ ನೌಕರರು ಅವರು. ನಮಗೆ ಉತ್ಸವವಾದ 1956ರ ನವೆಂಬರ್ 1, ಗುರುವಾರ, ಅವರಿಗೆ ವರ್ಗಾವಣೆಯ ತಾರೀಖೂ ಆಗಿತ್ತು.

ರಾಜ್ಯ ಪುನರ್ವಿಂಗಡಣಾ ಶಾಸನದ 115ನೆಯ ವಿಧಿಯನ್ನು ಓದಿ ನೋಡಿದರೆ ಅವರ ಪಾಡು ತಿಳಿಯುತ್ತದೆ. ಒಡೆಯುವ ರಾಜ್ಯದ ನೌಕರನು ಸದ್ಯಕ್ಕೆ ಅದರ ಮುಖ್ಯ ಉತ್ತರಾಧಿಕಾರಿ ರಾಜ್ಯದಲ್ಲಿಯೇ ಇರತಕ್ಕದ್ದು, ಕೇಂದ್ರ ಸರಕಾರ ಬೇರೆ ಕಡೆಗೆ ಹೋಗೆಂದರೆ ಅಲ್ಲಿಗೆ ಹೋಗತಕ್ಕದ್ದು. ಕಡೆಯ ಹಂಚಿಕೆ ಆಮೇಲೆ. ಹೋದರೂ ತಾತ್ಕಾಲಿಕ, ಉಳಿದರೂ ತಾತ್ಕಾಲಿಕ! ಜಿಲ್ಲೆಗಳಲ್ಲಿದ್ದವರಿಗೆ ಇಷ್ಟು ತೊಡಕಿರಲಿಲ್ಲ. ಧಾರವಾಡದ ಕಲೆಕ್ಟರ ಕಚೇರಿಯ ಕಾರಕೂನನು ಬುಧವಾರ ಕುಳಿತ ಕುರ್ಚಿಯಲ್ಲಿಯೇ ಗುರುವಾರವೂ ಕುಳಿತ. ಕಡತ ಮಾತ್ರ ಮುಂಬಯಿಯ ದಾರಿ ಬಿಟ್ಟು ಬೆಂಗಳೂರಿನ ದಾರಿ ಹಿಡಿಯಿತು. ಕುರ್ಚಿಯನ್ನೇ ಬಿಟ್ಟು ಹೊರಡಬೇಕಾದವರು ರಾಜಧಾನಿಗಳಲ್ಲಿದ್ದವರು.

ಅವರಲ್ಲಿಯೂ ಒಬ್ಬೊಬ್ಬರ ವಿದಾಯ ಒಂದೊಂದು ಬಗೆಯದು. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಿಂದ ಹೊರಟವರು ಸ್ವಲ್ಪ ಜನ. ದಕ್ಷಿಣ ಕನ್ನಡ ಜಿಲ್ಲೆ, ಅದೂ ಕಾಸರಗೋಡನ್ನು ಕಳೆದು, ಮತ್ತು ಕೊಳ್ಳೇಗಾಲ ತಾಲ್ಲೂಕು ಅಷ್ಟೇ ಅಲ್ಲಿಂದ ಬಂದ ಭಾಗಗಳಲ್ಲವೆ? ಹೈದರಾಬಾದಿನವರದು ಬೇರೆಯೇ ದುಃಖ. ಅಲ್ಲಿ ರಾಜ್ಯವೇ ಇಲ್ಲವಾಯಿತು. ತೆಲಂಗಾಣ ಆಂಧ್ರಕ್ಕೆ, ಮರಾಠವಾಡ ಮುಂಬಯಿಗೆ, ಬೀದರ ಗುಲಬರ್ಗಾ ರಾಯಚೂರುಗಳು ಮೈಸೂರಿಗೆ ಸೇರಿದಾಗ, ಒಂದೇ ಮೇಜಿನ ಸುತ್ತ ಚಹಾ ಕುಡಿದವರು ಮೂರು ದಿಕ್ಕಿಗೆ ಹೋದರು. ಮುಂದೆಂದಾದರೂ ನೋಡಿಬರೋಣವೆಂದರೆ ಅವರು ದುಡಿದ ಸರಕಾರವೇ ಅಲ್ಲಿರಲಿಲ್ಲ.

ಮುಂಬಯಿಯ ಕಥೆ ನಮಗೆ ಹತ್ತಿರದ್ದು. ಓವಲ್ ಮೈದಾನಕ್ಕೆ ಮುಖಮಾಡಿರುವ, 1874ರಲ್ಲಿ ಮುಗಿದ ಹಳೆಯ ಕಲ್ಲಿನ ಸೆಕ್ರೆಟರಿಯೆಟ್ಟನ್ನು ಇಂದೂ ನೋಡಬಹುದು; ಈಗ ಅಲ್ಲಿ ನ್ಯಾಯಾಲಯಗಳಿವೆ. 1955ರಲ್ಲಿ ಹೊಸ ಸಚಿವಾಲಯ, ಎಂದರೆ ಇಂದಿನ ಮಂತ್ರಾಲಯ, ಸಿದ್ಧವಾಗಿತ್ತು. ಹೊಸ ಕಟ್ಟಡದ ಸುಣ್ಣದ ವಾಸನೆ ಆರುವ ಮೊದಲೇ ಬೆಳಗಾವಿ, ಬಿಜಾಪುರ, ಧಾರವಾಡ, ಕಾರವಾರದ ಕಡೆಯವರಿಗೆ ಹೊರಡುವ ಕಾಲ ಬಂತು. ಊರಿನಲ್ಲಿ ಆಗ ಸಂಯುಕ್ತ ಮಹಾರಾಷ್ಟ್ರದ ಚಳವಳಿಯ ಬಿಸಿ. ಬೀದಿಯಲ್ಲಿ ಗಡಿಯ ವಾದ ನಡೆದಿರಲಿ, ವರ್ಷಗಟ್ಟಲೆ ಎದುರುಬದುರು ಕುಳಿತು ಡಬ್ಬಿಯ ಊಟ ಹಂಚಿಕೊಂಡವರ ನಡುವೆ ಗಡಿ ಎಲ್ಲಿಯದು? ಹಾರ, ತೆಂಗಿನಕಾಯಿ, ನಾಲ್ಕು ಮಾತು, ಒಂದು ಗುಂಪು ಛಾಯಾಚಿತ್ರ: ಸಾಹೇಬರು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ, ಕಾರಕೂನರು ಹಿಂದೆ ನಿಂತಿದ್ದಾರೆ, ಪಟ್ಟೇವಾಲ ಒಂದು ಬದಿಗೆ. ಇಂಥ ಚಿತ್ರಗಳನ್ನು ನಮ್ಮವರ ಎಷ್ಟೋ ಮನೆಗಳ ಗೋಡೆಯ ಮೇಲೆ ಕಂಡಿದ್ದೇವೆ.

ಆಗಿನ ಪ್ರಯಾಣವೂ ನೇರವಲ್ಲ. ಮುಂಬಯಿಯಿಂದ ಪುಣೆಯವರೆಗೆ ದೊಡ್ಡ ಹಳಿ, ಮುಂದೆ ಮೀಟರ್ ಗೇಜು. ಪುಣೆಯಲ್ಲಿ ಸಾಮಾನು ಸರಂಜಾಮು, ಮಕ್ಕಳು ಮರಿಗಳನ್ನೆಲ್ಲ ಇಳಿಸಿ ಮತ್ತೆ ಹತ್ತಿಸಬೇಕು. ಮಿರಜ, ಬೆಳಗಾವಿ, ಲೋಂಡಾ ದಾಟಿ ಗಾಡಿ ಧಾರವಾಡಕ್ಕೆ ಬಂದು ನಿಲ್ಲುತ್ತದೆ. ಹುಟ್ಟಿದ ಊರು ಕಿಟಕಿಯ ಹೊರಗೇ ಇದೆ, ಇಳಿಯುವಂತಿಲ್ಲ! ಕನ್ನಡ ನಾಡಿಗೆ ಬಂದಾಯಿತು, ಆದರೆ ನೌಕರಿ ಇರುವುದು ಇನ್ನೂ ಒಂದು ರಾತ್ರಿಯ ದಾರಿಯಾಚೆ, ಎಷ್ಟೋ ಜನ ಕಣ್ಣಿನಿಂದಲೂ ಕಾಣದ ಬೆಂಗಳೂರಿನಲ್ಲಿ.

ತವರಿಗೆ ಬಂದೆವೆಂದು ತಿಳಿದವರಿಗೆ ಅಲ್ಲಿ ಅತ್ತೆಯ ಮನೆಯ ಅನುಭವವಾಯಿತೆಂದರೆ ಬೆಂಗಳೂರಿನವರು ಮುನಿಯಬಾರದು. ಅವರೂ ಆಗತಾನೆ ಅಠಾರಾ ಕಚೇರಿಯನ್ನು ಹೈಕೋರ್ಟಿಗೆ ಬಿಟ್ಟು ರಸ್ತೆ ದಾಟಿ, 1956ರಲ್ಲಿ ಮುಗಿದ ವಿಧಾನಸೌಧಕ್ಕೆ ಬಂದವರು. ಆದರೂ ಮನೆ ಅವರದು. ಕಚೇರಿಯ ಮಾತೇ ಬೇರೆ. ಮುಂಬಯಿಯವರ ಮಾಮಲೇದಾರ ಮೈಸೂರಿನಲ್ಲಿ ಅಮಲ್ದಾರ, ಹೈದರಾಬಾದಿನವರಿಗೂ ಮದರಾಸಿನವರಿಗೂ ತಹಸೀಲ್ದಾರ. ಅವರ ಕಾರಕೂನ ಇಲ್ಲಿಯ ಗುಮಾಸ್ತ. ಪಟ್ಟೇವಾಲ ಇಲ್ಲಿ ಜವಾನ, ಹೈದರಾಬಾದಿನವರ ಬಾಯಲ್ಲಿ ಚಪ್ರಾಸಿ. ಹಳ್ಳಿಯ ಲೆಕ್ಕ ಬರೆಯುವವನು ಒಂದೆಡೆ ತಲಾಟಿ, ಒಂದೆಡೆ ಶಾನುಭೋಗ, ಒಂದೆಡೆ ಪಟವಾರಿ. ಗುಲಬರ್ಗದ ಕಡೆಯ ಹಳೆಯ ದಾಖಲೆ ಉರ್ದುವಿನಲ್ಲಿ, ವರ್ಷ ಫಸಲಿಯಲ್ಲಿ. ಕಾಯಿದೆಗಳೂ ಹಾಗೆಯೇ: ಬೆಳಗಾವಿಯ ಹೊಲಕ್ಕೆ ಮುಂಬಯಿಯ 1879ರ ಭೂಕಂದಾಯ ಕಾಯಿದೆ, ಮಂಡ್ಯದ ಗದ್ದೆಗೆ ಮೈಸೂರಿನ 1888ರದು. ಇವನ್ನೆಲ್ಲ ಮುಂದಿಟ್ಟುಕೊಂಡು ಒಂದೇ ಆಡಳಿತ ಮಾಡಿರೆಂದರೆ ಯಾರು ತಾನೆ ಏನು ಮಾಡಿಯಾರು? ಮೈಸೂರಿನವನಿಗೆ ಮುಂಬಯಿಯ ನಿಯಮ ತಿಳಿಯದು, ಮುಂಬಯಿಯವನಿಗೆ ಮೈಸೂರಿನದು ತಿಳಿಯದು. ಒಬ್ಬರನ್ನೊಬ್ಬರು ಕೇಳಿ ತಿಳಿದು, ಒಮ್ಮೊಮ್ಮೆ ರೇಗಿ, ಕಡತ ಕಡತವಾಗಿ ನಾಡನ್ನು ಹೊಲಿದರು. ವೇದಿಕೆಯ ಮೇಲೆ ಆದ ಏಕೀಕರಣಕ್ಕೆ ಕೊಡುವ ಗೌರವದಲ್ಲಿ ನಾಲ್ಕಾಣೆಯನ್ನಾದರೂ ಈ ಏಕೀಕರಣಕ್ಕೆ ಕೊಡಬೇಕೆಂಬುದು ನಮ್ಮ ಮತ.

ಇನ್ನೊಂದು ವಿಚಿತ್ರವನ್ನು ಹೇಳಬೇಕು. ಕನ್ನಡದ ರಾಜ್ಯವೆಂದು ಬಂದವರ ಮುಂದೆ ತೆರೆದ ಕಡತ ಇಂಗ್ಲಿಷಿನದು. ಕನ್ನಡವನ್ನು ಆಡಳಿತ ಭಾಷೆಯೆಂದು ಸಾರುವ ಶಾಸನ ಬಂದದ್ದು 1963ರಲ್ಲಿ.

ಎಲ್ಲಕ್ಕಿಂತ ನೋಯಿಸಿದ್ದು ಜ್ಯೇಷ್ಠತೆಯ ಪ್ರಶ್ನೆ. ಯಾವ ರಾಜ್ಯದ ಯಾವ ಹುದ್ದೆ ಯಾವುದಕ್ಕೆ ಸಮ, ಯಾರು ಹಿರಿಯ, ಯಾರು ಕಿರಿಯ? ಶಾಸನವೇನೋ ಸಲಹಾ ಸಮಿತಿಗಳನ್ನು ಹೇಳಿತ್ತು; ಕೇಂದ್ರದ ಒಪ್ಪಿಗೆಯಿಲ್ಲದೆ ನೌಕರನಿಗೆ ನಷ್ಟವಾಗುವಂತೆ ಸೇವಾನಿಯಮ ಬದಲಿಸಕೂಡದೆಂದೂ ಇತ್ತು. ಆದರೂ ಪಟ್ಟಿಗಳ ಮೇಲೆ ತಕರಾರು, ತಕರಾರಿನ ಮೇಲೆ ವ್ಯಾಜ್ಯ. ಕೆಲವು ಸುಪ್ರೀಂ ಕೋರ್ಟಿನವರೆಗೂ ಹೋದವು.

ಹೋಗದೆ ಉಳಿದವರೂ ಇದ್ದರು. ಮಕ್ಕಳ ಶಾಲೆ, ಮಾತುಂಗದ ಬಾಡಿಗೆಯ ಖೋಲಿ, ಮುಪ್ಪಿನ ತಾಯಿ, ಹೀಗೆ ಕಾರಣಗಳು ನೂರು. 1960ರ ಮೇ 1ರಂದು ಗುಜರಾತ ಬೇರೆಯಾದಾಗ ಅದೇ ಸಚಿವಾಲಯದಲ್ಲಿ ಗುಜರಾತಿ ಗೆಳೆಯರಿಗೆ ಹಾರ ಹಾಕುವ ಸರದಿ ಅವರದಾಯಿತು.

ಬೆಂಗಳೂರಿಗೆ ಹೋದವರು 1964ರ ಹೊಸ ಭೂಕಂದಾಯ ಶಾಸನವನ್ನು ಕಂಡರು. ಅದರಲ್ಲಿ ಅಮಲ್ದಾರನೂ ಇಲ್ಲ, ಮಾಮಲೇದಾರನೂ ಇಲ್ಲ, ತಹಸೀಲ್ದಾರ ಉಳಿದ. ಧಾರವಾಡದ ಕಡೆಯ ಹಳಬರ ಬಾಯಲ್ಲಿ ಮಾತ್ರ ಬಹುಕಾಲ ಅದು ಮಾಮಲೇದಾರ ಕಚೇರಿಯೇ ಆಗಿತ್ತು.